ರಾಕ್ಷಸನ ಪುಸ್ತಕ ಬಚ್ಚಿಡಬೇಕಾ?

ಶಿವಮೊಗ್ಗದ ತಾಯಿಯೊಬ್ಬರು ಕೇಳಿದ್ದಾರೆ: ನಾಲ್ಕು ವರ್ಷದ ಮಗಳು ದಿನಾ ರಾತ್ರಿ ರಾಕ್ಷಸರ ಚಿತ್ರಪುಸ್ತಕವನ್ನೇ ಓದು ಅಂತ ಹಟ ಮಾಡುತ್ತಾಳೆ. ಓದಿದ ಮೇಲೆ ಲೈಟ್ ಆರಿಸಬೇಡ ಅನ್ನುತ್ತಾಳೆ. ಮಗು ಹೆದರಿಕೊಳ್ಳುತ್ತೆ ಅಂತ ಅಜ್ಜಿ ಪುಸ್ತಕವನ್ನು ಅಟ್ಟಕ್ಕೆ ಹಾಕಿದ್ದಾರೆ. ಅವರು ಮಾಡಿದ್ದು ಸರಿಯಾ?

ದಯವಿಟ್ಟು ಪುಸ್ತಕವನ್ನು ಕೆಳಗಿಳಿಸಿ. ಹೆದರಿಕೆಯಾದರೂ ಅದನ್ನೇ ಕೇಳುತ್ತಾಳೆ ಅಂದರೆ ಅವಳಿಗೆ ಅದರಲ್ಲಿ ಏನೋ ಬೇಕಾಗಿದೆ. ಈ ವಯಸ್ಸಿನಲ್ಲಿ ಕತ್ತಲು, ಮಂಚದ ಕೆಳಗಿನ ಭೂತ ಅಂದರೆ ಭಯ ಸಹಜ. ಇಂಥ ಪುಸ್ತಕ ಮುಟ್ಟದ ಮಕ್ಕಳೂ ಹೆದರುತ್ತಾರೆ. ಕರಾವಳಿಯಲ್ಲಿ ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಅಬ್ಬರಿಸಿಕೊಂಡು ಬಂದಾಗ ಮಕ್ಕಳು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತವೆ, ಮರುಕ್ಷಣವೇ ಸೆರಗು ಸರಿಸಿ ಇಣುಕುತ್ತವೆ. ಎದ್ದು ಮನೆಗೆ ಹೋಗೋಣ ಅಂದರೆ ಒಪ್ಪುವುದಿಲ್ಲ!

ಅಮೆರಿಕದ ಎಡ್ ಎಂಬರ್ಲಿ ಅವರ ‘ಗೋ ಅವೇ, ಬಿಗ್ ಗ್ರೀನ್ ಮಾನ್‌ಸ್ಟರ್’ ಸಿಕ್ಕರೆ ತನ್ನಿ. ಅದರ ಹಾಳೆಗಳಲ್ಲಿ ತೂತು ಕತ್ತರಿಸಿದ್ದಾರೆ. ಮೊದಲು ಕಪ್ಪು ಹಾಳೆಯಲ್ಲಿ ಎರಡು ಹಳದಿ ಕಣ್ಣು, ಅಷ್ಟೇ. ಹಾಳೆ ಮಗುಚುತ್ತಾ ಹೋದಂತೆ ಮೂಗು, ಚೂಪು ಹಲ್ಲಿನ ಕೆಂಪು ಬಾಯಿ, ಕಿವಿ, ನೇರಳೆ ಕೂದಲು ಸೇರಿ ದೊಡ್ಡ ಹಸಿರು ಮುಖ ಎದ್ದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಗದರಿಸುವ ಸರದಿ ಮಗುವಿನದು. ಕೂದಲೇ ಹೋಗು, ಮೂಗೇ ಹೋಗು ಅಂದಂತೆ ಒಂದೊಂದೇ ಮಾಯವಾಗುತ್ತದೆ. ನಾನು ಹೇಳುವವರೆಗೂ ಬರಕೂಡದು ಅಂತ ಅಪ್ಪಣೆ ಕೊಟ್ಟು ಪುಸ್ತಕ ಮುಗಿಯುತ್ತದೆ. ಬರಬೇಕೋ ಬೇಡವೋ ಅನ್ನುವುದು ಮಗುವಿನ ಕೈಯಲ್ಲೇ ಇದೆ, ನೋಡಿ. ಮಾರಿಸ್ ಸೆಂಡಾಕ್ 1963ರಲ್ಲಿ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಅನ್ನುವ ಚಿತ್ರಪುಸ್ತಕ ತಂದಾಗಲೂ ಮಕ್ಕಳು ಹೆದರುತ್ತಾರೆ ಅಂತ ದೊಡ್ಡವರು ಗಾಬರಿಯಾಗಿದ್ದರು. ಅದರಲ್ಲೂ ಪುಟ್ಟ ಹುಡುಗ ಮ್ಯಾಕ್ಸ್ ಕಣ್ಣು ಮಿಟುಕಿಸದೆ ದಿಟ್ಟಿಸಿಯೇ ರಾಕ್ಷಸರಂಥ ಕಾಡುಪ್ರಾಣಿಗಳನ್ನು ಪಳಗಿಸುತ್ತಾನೆ, ಅವುಗಳ ರಾಜನಾಗುತ್ತಾನೆ. ಕೊನೆಗೆ ಮನೆಗೆ ಬಂದರೆ ರಾತ್ರಿಯ ಊಟ ಇನ್ನೂ ಬಿಸಿಯಾಗಿಯೇ ಇರುತ್ತದೆ.

ನನ್ನ ಆತಂಕ ಬೇರೆ ಕಡೆ ಇದೆ. ಪುರಂದರದಾಸರ ಪದದಲ್ಲಿ ಕೃಷ್ಣನೇ ಗುಮ್ಮನನ್ನು ಕರೆಯಬೇಡ ಅಂತ ಅಮ್ಮನನ್ನು ಬೇಡಿಕೊಳ್ಳುತ್ತಾನೆ. ಅಷ್ಟು ಹಳೆಯದು ನಮ್ಮ ಈ ಅಭ್ಯಾಸ. ‘ಊಟ ಮಾಡದಿದ್ದರೆ ಗುಮ್ಮ ಬಂದು ಹಿಡ್ಕೊಂಡು ಹೋಗ್ತಾನೆ’ ಅಂತ ನಾವು ಈಗಲೂ ಹೇಳುತ್ತೇವೆ, ಅಲ್ವಾ? ಆ ಗುಮ್ಮನಿಗೆ ಮುಖವಿಲ್ಲ, ಮುಚ್ಚಿಡಲು ರಟ್ಟಿಲ್ಲ. ಅವನನ್ನು ಕರೆಯುವವರು ಮಗು ಎಲ್ಲರಿಗಿಂತ ಜಾಸ್ತಿ ನಂಬಿದವರು. ನಿಮ್ಮ ಮನೆಯಲ್ಲಿ ಏನಾದರೂ ನಿಲ್ಲಿಸಬೇಕು ಅಂತಿದ್ದರೆ ಇದನ್ನು ನಿಲ್ಲಿಸಿ.

ಓದುವಾಗ ಅವಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಿ. ಹಾಳೆ ಅವಳೇ ಮಗುಚಲಿ, ರಾಕ್ಷಸನ ಘರ್ಜನೆಯನ್ನೂ ಅವಳೇ ಮಾಡಲಿ. ಸಾಕು ಅಂದರೆ ಅರ್ಧದಲ್ಲೇ ಮುಚ್ಚಿ, ಸುಮ್ನೆ ‘ಏನೂ ಆಗಲ್ಲ’ ಅಂತ ಮುಂದುವರಿಸಬೇಡಿ. ಹಗಲು ಹೊತ್ತಿನಲ್ಲೂ ಒಮ್ಮೆ ಓದಿ. ಸಣ್ಣ ಲೈಟ್ ಉರಿಯುತ್ತಿದ್ದರೆ ಏನೂ ತೊಂದರೆ ಇಲ್ಲ. ದಿನಾ ನಿದ್ದೆಗೆಡುತ್ತಿದ್ದಾಳೆ, ಪುಸ್ತಕ ಕಂಡರೆ ಅಳುತ್ತಾಳೆ ಅಂತಾದರೆ ಮಾತ್ರ ಕೆಲವು ತಿಂಗಳು ಎತ್ತಿಡಿ. ಆಗಲೂ ಎಲ್ಲಿಟ್ಟಿದ್ದೀರಿ ಅಂತ ಅವಳಿಗೆ ತೋರಿಸಿಯೇ ಇಡಿ.