ಬೆರಳು ಕಳೆದುಕೊಂಡವರು ರಾಜಿ ಪತ್ರಕ್ಕೆ ಸಹಿ ಹಾಕುವ ಮುನ್ನ

ಪ್ರಶ್ನೆ: ಪೀಣ್ಯದಲ್ಲಿ ಆರು ಜನರಿರುವ ಚಿಕ್ಕ ವರ್ಕ್‌ಶಾಪ್ ಒಂದರಲ್ಲಿ ತಿಂಗಳಿಗೆ 18,000 ರೂಪಾಯಿ ಸಂಬಳಕ್ಕೆ ಪವರ್ ಪ್ರೆಸ್ ನಡೆಸುತ್ತಿದ್ದೆ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇಲ್ಲ. 2024ರ ಅಕ್ಟೋಬರ್‌ನಲ್ಲಿ, ನನಗೆ 30 ತುಂಬಿದ್ದಾಗ, ಬಲಗೈಯ ಎರಡು ಬೆರಳುಗಳು ಯಂತ್ರಕ್ಕೆ ಸಿಕ್ಕಿ ಬುಡಸಮೇತ ಹೋದವು. ಆಸ್ಪತ್ರೆಯ ಬಿಲ್ 80,000 ರೂಪಾಯಿಯನ್ನು ಮಾಲೀಕರು ಕಟ್ಟಿದರು. ಈಗ ಇನ್ನು 70,000 ಕೊಟ್ಟು, ಒಟ್ಟು ಒಂದೂವರೆ ಲಕ್ಷಕ್ಕೆ ಲೆಕ್ಕ ಚುಕ್ತಾ ಎಂದು ಬಾಂಡ್ ಪೇಪರ್ ಮೇಲೆ ಸಹಿ ಕೇಳುತ್ತಿದ್ದಾರೆ. ಅಜಾಗರೂಕತೆ ನನ್ನದೇ ಆದ್ದರಿಂದ ಕೋರ್ಟಿಗೆ ಹೋದರೂ ಏನೂ ಸಿಗದು ಎನ್ನುತ್ತಾರೆ. ಒಪ್ಪಬಹುದೇ?
– ಹೆಸರು ಬೇಡ, ಲಗ್ಗೆರೆ, ಬೆಂಗಳೂರು

ಉತ್ತರ: ದಯವಿಟ್ಟು ಆ ಕಾಗದಕ್ಕೆ ಸಹಿ ಹಾಕಬೇಡಿ. ನಿಮ್ಮ ಅಪಘಾತವಾದಾಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ (2025ರ ನವೆಂಬರ್‌ನಲ್ಲಿ ಇದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ) ಪ್ರಕಾರ ಚಿಕಿತ್ಸೆಯ ವೆಚ್ಚವನ್ನು ಮಾಲೀಕರು ಪ್ರತ್ಯೇಕವಾಗಿಯೇ ಭರಿಸಬೇಕು; ಅದನ್ನು ಪರಿಹಾರದಲ್ಲಿ ಮುರಿದುಕೊಳ್ಳಲು ಬರುವುದಿಲ್ಲ. ಆದ್ದರಿಂದ ನಿಮಗೆ ಕೊಡಲು ಹೊರಟಿರುವ ಪರಿಹಾರ ಬರೀ 70,000.

ನಿಮಗೆ ಸಲ್ಲಬೇಕಾದದ್ದು ಎಷ್ಟೆಂದು ನೋಡೋಣ. ಸಂಬಳ ಹೆಚ್ಚಿದ್ದರೂ ಲೆಕ್ಕಕ್ಕೆ ಹಿಡಿಯುವುದು 15,000 ರೂಪಾಯಿಯವರೆಗೆ ಮಾತ್ರ. ಅದರ ಶೇ. 60, ಅಂದರೆ 9,000 ರೂಪಾಯಿಯನ್ನು 30ರ ವಯಸ್ಸಿಗೆ ಕಾಯ್ದೆಯಲ್ಲಿ ನಿಗದಿಯಾದ ಗುಣಕ 207.98ರಿಂದ ಗುಣಿಸಿದರೆ 18,71,820 ಆಗುತ್ತದೆ; ಇದು ದುಡಿಯುವ ಸಾಮರ್ಥ್ಯ ಪೂರ್ತಿ ಹೋದರೆ ಸಿಗುವ ಮೊತ್ತ. ಒಂದೇ ಕೈಯ ಎರಡು ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 20 ನಷ್ಟವೆಂದು ಕಾಯ್ದೆಯ ಅನುಸೂಚಿಯೇ ಹೇಳುವುದರಿಂದ ನಿಮ್ಮ ಪರಿಹಾರ 3,74,364 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ ಸೇರುತ್ತದೆ. ವಿಳಂಬಕ್ಕೆ ಸಕಾರಣವಿಲ್ಲವೆಂದು ಕಂಡರೆ ಪರಿಹಾರದ ಅರ್ಧದವರೆಗೆ ದಂಡವನ್ನೂ ವಿಧಿಸಬಹುದು.

ಅಜಾಗರೂಕತೆಯ ಮಾತಿಗೆ ಹೆದರಬೇಡಿ. ಕುಡಿದು ಕೆಲಸ ಮಾಡಿದ್ದರೆ, ಸುರಕ್ಷತೆಗಾಗಿ ಕೊಟ್ಟ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರಿದ್ದರೆ ಅಥವಾ ಯಂತ್ರದ ರಕ್ಷಣಾ ಕವಚವನ್ನು ಬೇಕೆಂದೇ ತೆಗೆದಿದ್ದರೆ, ಮತ್ತು ಅದರಿಂದಲೇ ಗಾಯವಾಗಿದ್ದರೆ ಮಾತ್ರ ಮಾಲೀಕರು ನುಣುಚಿಕೊಳ್ಳಬಹುದು. ದಿನವಿಡೀ ಪ್ರೆಸ್‌ಗೆ ತಗಡು ಒಡ್ಡುವವನ ಕೈ ಒಂದು ಕ್ಷಣ ತಪ್ಪುವುದು ಇವುಗಳಲ್ಲಿ ಯಾವುದೂ ಅಲ್ಲ.

ರಾಜಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ನ್ಯಾಯವಾದ ಮೊತ್ತಕ್ಕೆ ಮಾಲೀಕರು ಒಪ್ಪಿದರೆ ವರ್ಷಗಟ್ಟಲೆ ಅಲೆದಾಟ ತಪ್ಪುತ್ತದೆ. ಆದರೆ ಆ ಒಪ್ಪಂದವನ್ನು ಮಾಲೀಕರು ನೌಕರರ ಪರಿಹಾರ ಆಯುಕ್ತರಿಗೆ ಕಳುಹಿಸಿ ನೋಂದಾಯಿಸಬೇಕು. ಮೊತ್ತ ಸಾಲದೆಂದು ಕಂಡರೆ ಆಯುಕ್ತರು ನೋಂದಣಿಯನ್ನು ನಿರಾಕರಿಸಬಹುದು. ನೋಂದಣಿಗೆ ಕಳುಹಿಸದ ಮಾಲೀಕರು ಪೂರ್ಣ ಪರಿಹಾರಕ್ಕೆ ಹೊಣೆಯಾಗುತ್ತಾರೆ, ಮತ್ತು ಆಯುಕ್ತರು ಬೇರೆ ರೀತಿ ಹೇಳದ ಹೊರತು, ರಾಜಿಯಲ್ಲಿ ಕೊಟ್ಟ ಹಣದ ಅರ್ಧಕ್ಕಿಂತ ಹೆಚ್ಚನ್ನು ಅದರಲ್ಲಿ ಕಳೆಯುವಂತಿಲ್ಲ. ನಿಮ್ಮ ಹಕ್ಕನ್ನೇ ಬಿಟ್ಟುಕೊಡುವ ಬಾಂಡ್ ಪೇಪರ್ ಕಾನೂನಿನಲ್ಲಿ ಊರ್ಜಿತವಲ್ಲ. (ಇಎಸ್‌ಐ ಇರುವವರು ಈ ಕಾಯ್ದೆಯಡಿ ಕೇಳುವಂತಿಲ್ಲ, ಅವರಿಗೆ ಇಎಸ್‌ಐ ನಿಗಮವೇ ಕೊಡುತ್ತದೆ.)

ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ, ಅಂಗವೈಕಲ್ಯದ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಸಂಬಳ ಜಮೆಯಾದ ಬ್ಯಾಂಕ್ ವಿವರಗಳನ್ನು ಜೋಡಿಸಿಕೊಳ್ಳಿ. ಸಂಬಳ ಕೈಗೇ ಕೊಡುತ್ತಿದ್ದರೆ ಜೊತೆಗೆ ದುಡಿದವರ ಸಾಕ್ಷ್ಯವೂ ನಡೆಯುತ್ತದೆ. ಅಪಘಾತದ ದಿನದಿಂದ 2 ವರ್ಷದೊಳಗೆ ಅರ್ಜಿ ಸಲ್ಲಿಸಬೇಕಾದ್ದರಿಂದ ಮಾತುಕತೆಯಲ್ಲೇ ದಿನ ಕಳೆಯಬೇಡಿ. ವಕೀಲರ ಶುಲ್ಕ ಭಾರವೆನಿಸಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಿ.