ಕ್ಯಾಲಥಿಯಾ ಎಲೆಯ ಅಂಚು ಕಂದಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಮನೆಯೊಳಗಿಟ್ಟ ಕ್ಯಾಲಥಿಯಾ ಗಿಡದ ಎಲೆಗಳ ತುದಿ, ಅಂಚು ಒಣಗಿ ಕಂದಾಗುತ್ತಿವೆ. ದಿನಕ್ಕೆ ಎರಡು ಸಲ ಎಲೆಗಳಿಗೆ ನೀರು ಸ್ಪ್ರೇ ಮಾಡುತ್ತೇನೆ. ನಲ್ಲಿ ನೀರನ್ನು ರಾತ್ರಿಯಿಡೀ ತೆರೆದಿಟ್ಟು ಬೆಳಿಗ್ಗೆ ಹಾಕುತ್ತೇನೆ. ಗಿಡ ಕಿಟಕಿಯಿಂದ ಮೂರಡಿ ದೂರದಲ್ಲಿದೆ, ನೇರ ಬಿಸಿಲಿಲ್ಲ. ಆದರೂ ಸುಧಾರಿಸಿಲ್ಲ. ದೊಡ್ಡ ಕುಂಡಕ್ಕೆ ಬದಲಿಸಲೇ?

ಉತ್ತರ: ಕುಂಡ ಬದಲಿಸುವ ಯೋಚನೆ ಸದ್ಯಕ್ಕೆ ಬಿಡಿ. ಜಾಗವೂ ಸರಿಯಾಗಿಯೇ ಇದೆ. ನನ್ನ ಅನುಮಾನವೆಲ್ಲ ನೀರಿನ ಮೇಲೆ.

ಕುಂಡದ ಒಳಗೋಡೆಯನ್ನು, ಮಣ್ಣಿನ ಮೇಲ್ಪದರವನ್ನು ಒಮ್ಮೆ ಹತ್ತಿರದಿಂದ ನೋಡಿ. ಬಿಳಿ ಅಥವಾ ತಿಳಿಹಳದಿ ಬಣ್ಣದ ಪುಡಿ ಕಟ್ಟಿಕೊಂಡಿದೆಯೇ? ಉಗುರಿನಿಂದ ಕೆರೆದರೆ ಸಣ್ಣ ಹೊಪ್ಪಳೆಯಂತೆ ಏಳುತ್ತದೆಯೇ? ಅದು ಉಪ್ಪಿನಂಶ. ನಲ್ಲಿ ನೀರಿನಿಂದಲೂ ಬರುತ್ತದೆ, ಹಾಕಿದ ಗೊಬ್ಬರದಿಂದಲೂ ಬರುತ್ತದೆ. ಬೇರು ನೀರಿನ ಜೊತೆ ಇದನ್ನೂ ಎಳೆದುಕೊಳ್ಳುತ್ತದೆ. ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ, ಉಪ್ಪು ಮಾತ್ರ ತುದಿಯಲ್ಲಿ, ಅಂಚಿನಲ್ಲಿ ಉಳಿದುಬಿಡುತ್ತದೆ. ಜಾಸ್ತಿಯಾದಾಗ ಅಲ್ಲಿನ ಜೀವಕೋಶಗಳು ಸಾಯುತ್ತವೆ. ನೀವು ನೋಡುತ್ತಿರುವ ಕಂದು ಗೆರೆ ಅದೇ.

ನೀರನ್ನು ರಾತ್ರಿಯಿಡೀ ತೆರೆದಿಡುವುದರಿಂದ ಹೋಗುವುದು ಕ್ಲೋರಿನ್ ಮಾತ್ರ. ಕ್ಲೋರಮಿನ್ ಬಳಸಿ ಶುದ್ಧ ಮಾಡಿದ ನೀರಾದರೆ ಅದೂ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಫ್ಲೋರೈಡ್, ಲವಣಗಳಂತೂ ಇದ್ದಲ್ಲೇ ಇರುತ್ತವೆ. ಹಾಗಾಗಿ ಈ ಗಿಡಕ್ಕೆ ಮಳೆ ನೀರು, ಡಿಸ್ಟಿಲ್ಡ್ ನೀರು ಅಥವಾ ಆರ್‌ಓ ನೀರು ಹಾಕಿ. ಗಡಸು ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ನೀರು ಮಾತ್ರ ಬೇಡವೇ ಬೇಡ. ಅದರಲ್ಲಿ ಸೋಡಿಯಂ ಸೇರಿರುತ್ತದೆ.

ಈಗಾಗಲೇ ಸೇರಿಕೊಂಡ ಉಪ್ಪನ್ನು ತೊಳೆದು ಹಾಕಬೇಕಲ್ವಾ? ಮೊದಲು ಮೇಲಿನ ಬಿಳಿ ಪುಡಿಯನ್ನು ಸ್ವಲ್ಪ ಮಣ್ಣಿನ ಸಮೇತ ತೆಗೆದುಬಿಡಿ. ಕುಂಡವನ್ನು ಸಿಂಕ್‌ನಲ್ಲೋ ಬಚ್ಚಲಲ್ಲೋ ಇಟ್ಟು, ಕುಂಡ ಎಷ್ಟು ನೀರು ಹಿಡಿಯುತ್ತದೋ ಅದರ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಸುರಿಯಿರಿ. ಕೆಳಗಿನ ತೂತಿನಿಂದ ಪೂರ್ತಿ ಬಸಿದು ಹೋಗಲಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ, ಇಲ್ಲದಿದ್ದರೆ ಗಿಡ ಅದನ್ನೇ ಮತ್ತೆ ಹೀರುತ್ತದೆ. ಒಂದೆರಡು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ಹೊಸ ಎಲೆ ಬರಲು ಶುರುವಾಗುವವರೆಗೆ ಗೊಬ್ಬರ ಹಾಕಬೇಡಿ. ಹೊಸ ಎಲೆ ಬರುವ ಕಾಲದಲ್ಲಿ, ಪ್ಯಾಕೆಟ್ ಮೇಲೆ ಬರೆದ ಅಳತೆಯ ಅರ್ಧದಷ್ಟನ್ನು ತಿಂಗಳಿಗೊಮ್ಮೆ ಕೊಡಿ.

ಇನ್ನು ಸ್ಪ್ರೇ. ಬೇಸರ ಮಾಡಿಕೊಳ್ಳಬೇಡಿ, ಅದರಿಂದ ಗಿಡಕ್ಕಿಂತ ನಿಮಗೇ ಸಮಾಧಾನ ಜಾಸ್ತಿ. ಕ್ಯಾಲಥಿಯಾ ಮೂಲತಃ ದಕ್ಷಿಣ ಅಮೆರಿಕದ ಮಳೆಕಾಡಿನ ನೆಲದ ಗಿಡ. ದೊಡ್ಡ ಮರಗಳ ನೆರಳು, ತೇವದ ಗಾಳಿ ಅದಕ್ಕೆ ಅಭ್ಯಾಸ. ಸುತ್ತಲ ಗಾಳಿಯಲ್ಲಿ ತೇವ ಶೇ 50ಕ್ಕಿಂತ ಹೆಚ್ಚಿದ್ದರೆ ಖುಷಿಯಾಗಿರುತ್ತದೆ. ಆದರೆ ಸ್ಪ್ರೇ ಮಾಡಿದ ತೇವ ಕೆಲವೇ ನಿಮಿಷದಲ್ಲಿ ಆರಿಹೋಗುತ್ತದೆ. ಮೇಲಾಗಿ ಗಡಸು ನೀರಾದರೆ ಎಲೆ ಮೇಲೆ ಬಿಳಿ ಕಲೆ ಉಳಿಯುತ್ತದೆ. ಗಾಳಿಗೆ ತೇವ ಸೇರಿಸುವ ಯಂತ್ರ, ಅಂದರೆ ಹ್ಯುಮಿಡಿಫೈಯರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನಾಲ್ಕೈದು ಗಿಡಗಳನ್ನು ಒಟ್ಟಿಗಿಡಿ, ಎಸಿ ಮತ್ತು ಹೀಟರ್ ಗಾಳಿ ನೇರವಾಗಿ ತಾಗದಂತೆ ನೋಡಿಕೊಳ್ಳಿ.

ನೀರು ಯಾವಾಗ ಹಾಕಬೇಕು ಎಂಬುದಕ್ಕೆ ಕ್ಯಾಲೆಂಡರ್ ನೋಡಬೇಡಿ. ಬೆರಳು ಮಣ್ಣಿಗೆ ಇಳಿಸಿ. ಮೇಲಿನ ಒಂದಂಗುಲ ಒಣಗಿದ್ದರೆ ಹಾಕಿ, ಹಸಿಯಿದ್ದರೆ ಬಿಡಿ. ಕೆಳಗಿನ ಎಲೆಗಳು ಹಳದಿಯಾಗಿ, ಮಣ್ಣು ಕೆಟ್ಟ ವಾಸನೆ ಬರುತ್ತಿದ್ದರೆ ಮಾತ್ರ ಗಿಡವನ್ನು ಕುಂಡದಿಂದ ಹೊರತೆಗೆದು ಬೇರು ನೋಡಿ. ಬಿಳಿಯಾಗಿ ಗಟ್ಟಿಯಿದ್ದರೆ ಚಿಂತೆಯಿಲ್ಲ. ಕಂದಾಗಿ ಲೊಳಲೊಳ ಎನ್ನುತ್ತಿದ್ದರೆ ಕೊಳೆತಿದೆ ಎಂದರ್ಥ. ಆ ಬೇರುಗಳನ್ನು ಕತ್ತರಿಸಿ, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಪರ್ಲೈಟ್ (ಬಿಳಿ ಬಣ್ಣದ ಹಗುರ ಕಲ್ಲಿನ ಹರಳು) ಸೇರಿಸಿದ ಹಗುರ ಮಣ್ಣಿಗೆ ಬದಲಿಸಿ. ಆಗಲೂ ದೊಡ್ಡ ಕುಂಡ ಬೇಡ. ಬೇರು ತಲುಪದ ಜಾಗದ ಮಣ್ಣು ಬೇಗ ಒಣಗುವುದಿಲ್ಲ.

ಒಮ್ಮೆ ಕಂದಾದ ಅಂಚು ಮತ್ತೆ ಹಸಿರಾಗುವುದಿಲ್ಲ. ನೋಡಲು ಚೆನ್ನಾಗಿಲ್ಲ ಅನಿಸಿದರೆ, ಎಲೆಯ ಆಕಾರಕ್ಕೆ ತಕ್ಕಂತೆ ಕತ್ತರಿಸಿ, ಕಂದಿನ ತೆಳು ಗೆರೆಯೊಂದನ್ನು ಉಳಿಸಿಬಿಡಿ. ಹಸಿರು ಭಾಗಕ್ಕೆ ಕತ್ತರಿ ತಾಗಿದರೆ ಅಲ್ಲಿಂದ ಹೊಸದಾಗಿ ಒಣಗಲು ಶುರುವಾಗುತ್ತದೆ. ಮುಂದೆ ಸುರುಳಿ ಬಿಚ್ಚಿ ಬರುವ ಎಲೆಯ ಅಂಚು ಹೇಗಿದೆ ಎಂಬುದನ್ನು ನೋಡಿ, ನಿಮ್ಮ ಆರೈಕೆಗೆ ಅದೇ ಲೆಕ್ಕ.

ಪ್ರಶ್ನೆ: ರಾತ್ರಿಯಾದರೆ ನಮ್ಮ ಕ್ಯಾಲಥಿಯಾದ ಎಲೆಗಳೆಲ್ಲ ಮೇಲಕ್ಕೆದ್ದು ನಿಲ್ಲುತ್ತವೆ. ಇದು ರೋಗವೇ?

ಉತ್ತರ: ಅಲ್ಲ, ಅದರ ಸ್ವಭಾವವೇ ಹಾಗೆ. ಎಲೆ ಮತ್ತು ತೊಟ್ಟು ಸೇರುವಲ್ಲಿ ಸ್ವಲ್ಪ ಉಬ್ಬಿದ ಗಂಟು ಕಾಣುತ್ತದೆ, ಮುಟ್ಟಿ ನೋಡಿ. ಅದರೊಳಗಿನ ಜೀವಕೋಶಗಳಿಗೆ ನೀರು ಬಂದು ಹೋದಂತೆ ಎಲೆ ಏಳುತ್ತದೆ, ಇಳಿಯುತ್ತದೆ. ಇದರ ಹತ್ತಿರದ ಬಂಧು ಮರಾಂಟಾ ಜಾತಿಯ ಗಿಡಗಳಲ್ಲೂ ಹೀಗೇ. ಹಗಲಲ್ಲೂ ಎಲೆ ಉದ್ದಕ್ಕೆ ಸುರುಳಿ ಸುತ್ತಿಕೊಂಡಿದ್ದರೆ ಮಾತ್ರ ಗಮನಿಸಿ. ಬಹುಪಾಲು ಅದು ಬಾಯಾರಿಕೆ. ಎಲೆಯ ಹಿಂಭಾಗವನ್ನು ಬಿಳಿ ಟಿಶ್ಯೂನಿಂದ ಒರೆಸಿಯೂ ನೋಡಿ. ಕೆಂಪು ಅಥವಾ ಕಂದು ಗೀರು ಬಿದ್ದರೆ ಎಲೆಯ ರಸ ಹೀರುವ ಸಣ್ಣ ಜೇಡನುಸಿ ಸೇರಿಕೊಂಡಿದೆ. ಎಲೆಗಳ ಅಡಿಯನ್ನು ನೀರಿನಿಂದ ಚೆನ್ನಾಗಿ ತೊಳೆದು, ಸಂಜೆ ಹೊತ್ತು ಬೇವಿನೆಣ್ಣೆ ಬೆರೆಸಿದ ಸೋಪಿನ ನೀರು ಸಿಂಪಡಿಸಿ. ವಾರ ಬಿಟ್ಟು ಮತ್ತೆ ಮಾಡಿ, ಮೊಟ್ಟೆಗಳು ಒಂದೇ ಸಲಕ್ಕೆ ಹೋಗುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಬೆಕ್ಕಿದೆ, ಎಲೆ ಕಚ್ಚುವ ಚಟ ಬೇರೆ. ಕ್ಯಾಲಥಿಯಾ ಇಡಬಹುದೇ?

ಉತ್ತರ: ಧಾರಾಳವಾಗಿ ಇಡಬಹುದು. ಬೆಕ್ಕು, ನಾಯಿಗಳಿಗೆ ಇದು ವಿಷವಲ್ಲ. ಆದರೆ ಡೈಫೆನ್‌ಬೇಕಿಯಾ, ಫಿಲೋಡೆಂಡ್ರಾನ್, ಮಾನ್‌ಸ್ಟೆರಾ, ಮನಿ ಪ್ಲಾಂಟ್‌ಗಳ ಮಾತೇ ಬೇರೆ. ಅವುಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಕಚ್ಚಿದರೆ ಬಾಯಿ ಉರಿದು, ಜೊಲ್ಲು ಸುರಿಯುತ್ತದೆ, ವಾಂತಿಯೂ ಆಗಬಹುದು. ಅವು ಬೆಕ್ಕಿಗೆ ಸಿಗದ ಕೋಣೆಯಲ್ಲಿರಲಿ. ಸುಮ್ನೆ ಎತ್ತರದ ಶೆಲ್ಫ್ ಮೇಲಿಟ್ಟರೆ ಬೆಕ್ಕು ಕೇಳುವುದಿಲ್ಲ, ನಿಮಗೇ ಗೊತ್ತು. ಅಕಸ್ಮಾತ್ ಕಚ್ಚಿದ್ದು ಕಂಡರೆ ಆ ಎಲೆಯ ತುಂಡನ್ನೂ ಜೊತೆಗೆ ತೆಗೆದುಕೊಂಡು ಪಶುವೈದ್ಯರ ಬಳಿ ಹೋಗಿ.