ಒಂದೇ ಮಳೆಪುಸ್ತಕ, ಎರಡು ತೀರ್ಮಾನ

ಮಳೆ ಲೆಕ್ಕದ ಪುಸ್ತಕ ಒಂದೇ, ಆದರೂ ಅಣ್ಣ ತೋಟದ ಅರೇಬಿಕಾ ಕಾಫಿ ಕಿತ್ತು ರೋಬಸ್ಟಾ ಕಾಫಿ ಹಾಕೋಣ ಅಂತಾರೆ, ನಾನು ಬೇಡ ಅಂತೀನಿ, ತಪ್ಪು ಯಾರದು ಅಂತ ಕೇಳಿದ್ದೀರಿ. ಲೆಕ್ಕದಲ್ಲಿ ಇಬ್ಬರದೂ ತಪ್ಪಿಲ್ಲ ಅನ್ಸುತ್ತೆ.

ನಮ್ಮ ಮೂಡಿಗೆರೆ ಕಡೆ ಫೆಬ್ರವರಿಯಲ್ಲಿ ಒಂದು ಇಂಚು ಮಳೆ ಬಂತು ಅನ್ನಿ. ರೋಬಸ್ಟಾ ಮೊಗ್ಗು ಕಾಯುತ್ತಿದ್ದವನು ಹೂ ಅರಳಿಸುವ ಹೂಮಳೆ ಬಂತು ಅಂತ ಕುಣಿಯುತ್ತಾನೆ. ಕಣದಲ್ಲಿ ಕಾಫಿ ಹಣ್ಣು ಒಣಗಲು ಹಾಕಿದವನು ಬೈಯುತ್ತಾ ಟಾರ್ಪಾಲು ಹುಡುಕುತ್ತಾನೆ. ಮಳೆಮಾಪಕ ಇಬ್ಬರಿಗೂ ತೋರಿಸಿದ್ದು ಅದೇ ಒಂದಿಂಚು, ಅಲ್ವಾ?

ಅಣ್ಣ ಹಿಂದೆ ಕಾಂಡಕೊರಕದಿಂದ ಗಿಡ ಕಳೆದುಕೊಂಡಿದ್ದಾರಾ? (ಆ ಹುಳು ಅರೇಬಿಕಾ ಕಂಡರೆ ಬಿಡಲ್ಲ.) ಹಾಗಿದ್ದರೆ ಅವರ ಭಯವೇ ಬೇರೆ. ಸುಮ್ನೆ ಅದೇ ಅಂಕಿ ಹಿಡಿದು ವಾದ ಮಾಡಬೇಡಿ. ಏನು ಕಂಡರೆ ಮನಸ್ಸು ಬದಲಾಗುತ್ತೆ ಅಂತ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ. ಚೀಟಿ ಖಾಲಿ ಬಂದರೆ ಇಲ್ಲೇ ತಿಳಿಸಿ.